ಧನುರ್ಮಾಸದಲ್ಲಿ ಮೆಕ್ಸಿಕೊ: ನಮ್ಮ ಮೊದಲ ದೂರಪ್ರವಾಸದ ತಯಾರಿ

ಹೋಟೆಲ್ ಬಿಟ್ಟು ಹನ್ನೆರಡು ದಿನ ಹೊರಗಿರುವುದೆಂದರೆ ನಮ್ಮ ಕಸುಬಿನವರಿಗೆ ಸಣ್ಣ ಮಾತಲ್ಲ. ಊರಿನಲ್ಲಿ ಮದುವೆ, ದೇವರ ಕಾರ್ಯ, ಇಲ್ಲವೇ ಸಾವು, ಇಷ್ಟಕ್ಕೇ ನಾವು ಗಲ್ಲೆ ಬಿಟ್ಟು ಏಳುವವರು. ಅಂಥದ್ದರಲ್ಲಿ ದೆಹಲಿ, ನೋಯ್ಡಾ, ಗುರುಗ್ರಾಮದ ನಾವು ಮೂವರು ಹೋಟೆಲಿನವರು ಸಪತ್ನೀಕರಾಗಿ ಮೆಕ್ಸಿಕೊಗೆ ಹೊರಡುತ್ತಿದ್ದೇವೆ. "ದುಬೈ, ಸಿಂಗಪುರ ಬಿಟ್ಟು ಅಲ್ಲಿಗ್ಯಾಕೆ ಮಾರಾಯ್ರೆ?" ಎಂದು ಎಲ್ಲರೂ ಕೇಳುತ್ತಾರೆ. ನಾವು ದಿನಾ ರುಬ್ಬುವ ಮೆಣಸಿನಕಾಯಿ, ಸಾರಿಗೆ ಹಿಚುಕುವ ಟೊಮೆಟೊ, ಜೋಳ ಎಂದು ಇಲ್ಲಿ ಮಾರುವ ಮೆಕ್ಕೆಜೋಳ, ಎಲ್ಲವೂ ಆ ಕಡೆಯಿಂದ ಬಂದವು. ಮಿಲ್ಕ್‌ಶೇಕಿನ ಚಿಕ್ಕು ಹಣ್ಣಿನ ಹೆಸರೂ ಅಲ್ಲಿಯದೇ. ಇಪ್ಪತ್ತೆಂಟು ವರ್ಷ ಈ ಸಾಮಾನಿನಿಂದ ಅನ್ನ ತಿಂದವರು ಒಮ್ಮೆ ಅದರ ತವರು ನೋಡಬಾರದೇ?

ದೊಡ್ಡ ತಲೆನೋವು ತಾರೀಕಿನದು. ಅಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಚಂಡಮಾರುತ. ಏಪ್ರಿಲ್, ಮೇ ಸುಡು ಬಿಸಿಲು. ಹೋಗಬೇಕಾದದ್ದು ನವೆಂಬರ್‌ನಿಂದ ಮಾರ್ಚ್ ಒಳಗೆ. ಆದರೆ ದೆಹಲಿಯಲ್ಲಿ ಮದುವೆ ಆರ್ಡರ್ ಸುರಿಯುವುದೂ ಆಗಲೇ! ಪಂಚಾಂಗ ನೋಡಿದಾಗ ದಾರಿ ಸಿಕ್ಕಿತು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ನಮ್ಮ ಧನುರ್ಮಾಸ, ಇಲ್ಲಿನವರ ಖರ್ಮಾಸ್, ಲಗ್ನಗಳಿಲ್ಲ. ಕ್ರಿಸ್ಮಸ್, ಹೊಸವರ್ಷದ ದುಬಾರಿ ರೂಮ್ ಬಾಡಿಗೆ ತಪ್ಪಿಸಲು ಜನವರಿ 2ಕ್ಕೆ ಹೊರಟು 13ಕ್ಕೆ ವಾಪಸು ಎಂದು ನಿಶ್ಚಯಿಸಿದೆವು. ಒಂದೇ ಅಳುಕು, ದೆಹಲಿಯ ಜನವರಿ ಮಂಜು. ಅದಕ್ಕೇ ಹೋಗಿಬರುವ ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇರಲಿ, ವಿಮಾನ ಬದಲಿಸುವಲ್ಲಿ ಐದಾರು ಗಂಟೆ ಬಿಡುವಿರಲಿ ಎಂದು ಏಜೆಂಟರಿಗೆ ಹೇಳಿದ್ದೇವೆ. ಯುರೋಪಿನ ಮೇಲೆ ಹೋಗುವವರು ಅಲ್ಲಿ ಇಳಿದು ಹತ್ತಲು ಟ್ರಾನ್ಸಿಟ್ ವೀಸಾ ಬೇಕೇ ಎಂದು ಟಿಕೆಟ್‌ಗೆ ಮೊದಲೇ ವಿಚಾರಿಸಿಕೊಳ್ಳಬೇಕು.

ಕಾಗದಪತ್ರ ಅಷ್ಟು ಕಷ್ಟವಿಲ್ಲ. ಅಮೆರಿಕದ ಚಾಲ್ತಿ ವೀಸಾ ಇದ್ದವರಿಗೆ ಮೆಕ್ಸಿಕೊದ್ದು ಬೇರೆ ಬೇಡ. ಉಳಿದವರಿಗೆ ದೆಹಲಿಯಲ್ಲೇ ರಾಯಭಾರ ಕಚೇರಿ ಇದೆ. ಜೊತೆಗೆ ಪನಾಮಾ, ಕೊಲಂಬಿಯಾ ಸೇರಿಸುವ ಆಸೆ ಇದ್ದರೆ ಹೊರಡುವ ಹತ್ತು ದಿನ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿ ಕಾರ್ಡು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ವಾಪಸು ಬಂದಾಗ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು.

ಊಟದ ವಿಚಾರ ಮಾತ್ರ ಬಂಧುಗಳು ಗಮನವಿಟ್ಟು ಓದಬೇಕು. ನಮ್ಮಲ್ಲಿ ಒಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನ ಜೋಳದ ತೋರ್ತಿಯಾ ಸಾಮಾನ್ಯವಾಗಿ ನಮ್ಮವರಿಗೆ ನಡೆಯುತ್ತದೆ: ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ತಟ್ಟಿ, ಕಾವಲಿಯಲ್ಲಿ ಸುಡುವುದು. ಗೋಧಿಯದಕ್ಕೆ ಹಂದಿ ಕೊಬ್ಬು ಹಾಕುವುದುಂಟು. ಬಾಳೆಎಲೆ ಅಥವಾ ಜೋಳದ ಸಿಪ್ಪೆಯಲ್ಲಿ ಬೇಯಿಸುವ ತಮಾಲ್ ನೋಡಲು ನಮ್ಮ ಕಡುಬಿನ ಹಾಗೆಯೇ, ಆದರೆ ಹಿಟ್ಟಿಗೇ ಕೊಬ್ಬು ಕಲಸಿರುತ್ತಾರೆ. ಕಾಳಿನ ಪಲ್ಯದಲ್ಲೂ ಅದೇ. ಅನ್ನ ಬೇಯುವುದು ಹಲವೆಡೆ ಕೋಳಿ ರಸದಲ್ಲಿ. ವೆಜಿಟೇರಿಯನ್ ಎಂದಷ್ಟೇ ಹೇಳಿದರೆ ಸಾಲದು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ವೇವೊ, ಸಿನ್ ಮಾಂತೆಕಾ": ಮಾಂಸ, ಕೋಳಿ, ಮೀನು, ಮೊಟ್ಟೆ, ಕೊಬ್ಬು ಬೇಡ. ಹೆಂಗಸರು ಇದನ್ನು ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದ್ದಾರೆ. ಸರಿಯಾಗಿ ಕಲಿಯುವವರಿಗೆ ಹನುಮಾನ್ ರೋಡಿನ ಸೆರ್ವಾಂತೆಸ್ ಸಂಸ್ಥೆಯಲ್ಲಿ ಸ್ಪ್ಯಾನಿಷ್ ತರಗತಿ ಇದೆ.

ಮೆರಿದಾ ಊರಿನಲ್ಲಿ ಅಡುಗೆಮನೆ ಇರುವ ಮನೆಯನ್ನೇ ಹಿಡಿಯುತ್ತಿದ್ದೇವೆ. ಲೂಕಾಸ್ ದೆ ಗಾಲ್ವೆಸ್ ಮಾರುಕಟ್ಟೆಯಿಂದ ಅಕ್ಕಿ, ಕಾಳು, ತರಕಾರಿ. ಇಲ್ಲಿಂದ ಚಟ್ನಿಪುಡಿಯ ಸೀಲ್ ಪ್ಯಾಕೆಟ್. ಹಸಿ ಕರಿಬೇವು, ಹಾಲಿನ ಸಿಹಿ ಕಟ್ಟಿಕೊಳ್ಳುವುದು ಬೇಡ, ಕಸ್ಟಮ್ಸಿನಲ್ಲಿ ತಕರಾರು. ಅಲ್ಲಿನ ಹಬನೇರೊ ಮೆಣಸಿನ ಮುಂದೆ ನಮ್ಮ ಬ್ಯಾಡಗಿ ಬರೀ ಬಣ್ಣ! ಹುಣಸೆ ಪಾನಕ ಮಾತ್ರ ಎಲ್ಲೆಡೆ ಸಿಗುತ್ತದಂತೆ. ಹುಣಸೆ ನಮ್ಮ ಕಡೆಯಿಂದ ಹೋದದ್ದು, ಅಷ್ಟರಮಟ್ಟಿಗೆ ಲೆಕ್ಕ ಚುಕ್ತಾ. ಜನವರಿ 6ಕ್ಕೆ ಅವರ ಮೂರು ರಾಜರ ಹಬ್ಬ. ಉಂಗುರದಾಕಾರದ ಬ್ರೆಡ್ಡಿನೊಳಗೆ ಪುಟ್ಟ ಗೊಂಬೆ ಅಡಗಿಸುತ್ತಾರೆ. ಅದು ಯಾರ ತುಂಡಿನಲ್ಲಿ ಬರುತ್ತದೋ ಅವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲ್ ಹಾಕಿಸಬೇಕು. ಗಿರಾಕಿ ಹಿಡಿದಿಡುವ ಉಪಾಯ ಎಂದರೆ ಇದು. ಮೆಕ್ಸಿಕೊ ಸಿಟಿ 2,240 ಮೀಟರ್ ಎತ್ತರದಲ್ಲಿದೆ, ದೆಹಲಿಯ ಸ್ವೆಟರ್ ಬೇಕಾಗುತ್ತದೆ. ಅದರ ಸಮೀಪದ ಚಾಪಿಂಗೊ ಕೃಷಿ ವಿಶ್ವವಿದ್ಯಾಲಯದಲ್ಲಿ ನಮ್ಮ ದೇಶದ ಕ್ರಾಂತಿಕಾರಿ, ಅಲ್ಲಿ ಜೋಳ, ಗೋಧಿ ತಳಿ ಬೆಳೆಸಿದ ಪಾಂಡುರಂಗ ಖಾನ್‌ಖೋಜೆ ಅವರ ಪ್ರತಿಮೆ 2022ರಲ್ಲಿ ಅನಾವರಣಗೊಂಡಿದೆ. ಅಲ್ಲಿಗೆ ಖಂಡಿತ ಹೋಗುವವರು.

ಇನ್ನು ಹೋಟೆಲ್. ಹಳೆಯ ಭಟ್ಟರಿಗೆ ಸ್ಟೋರಿನ ಕೀಲಿ, ಗಲ್ಲೆಗೆ ತಮ್ಮನ ಮಗ. ನವರಾತ್ರಿಯ ನಂತರ ನಾಲ್ಕು ದಿನ ಊರಿಗೆ ಹೋಗಿ, ಫೋನ್ ಮಾಡದೆ ಪರೀಕ್ಷೆ ಮಾಡಿದೆವು. ಹಿಟ್ಟೂ ಹುಳಿಯಾಗಲಿಲ್ಲ, ಕಲೆಕ್ಷನ್ನೂ ಇಳಿಯಲಿಲ್ಲ. (ಸ್ವಲ್ಪ ಬೇಸರವೇ ಆಯಿತೆನ್ನಿ.) ದಿನಸಿಯವರ ಬಾಕಿ ಡಿಸೆಂಬರ್ 31ಕ್ಕೆ ತೀರಿಸಿ, ಅಕ್ಕಿ, ಉದ್ದು, ಎಣ್ಣೆ ಹದಿನೈದು ದಿನಕ್ಕಾಗುವಷ್ಟು ತುಂಬಿಸುತ್ತೇವೆ. ತಿಂಗಳ ಜಿಎಸ್‌ಟಿ ರಿಟರ್ನಿನ 11ನೇ ತಾರೀಕು ನಾವು ಅಲ್ಲಿದ್ದಾಗಲೇ ಬರುತ್ತದೆ. ಓಟಿಪಿ ನಮ್ಮ ನಂಬರಿಗೆ, ಆದ್ದರಿಂದ ರೋಮಿಂಗ್ ಹಾಕಿಸಲೇಬೇಕು.

ಸಮಯದ ವ್ಯತ್ಯಾಸ ಹನ್ನೊಂದೂವರೆ ಗಂಟೆ. ರಾತ್ರಿ ಹತ್ತೂವರೆಗೆ ಇಲ್ಲಿ ಶಟರ್ ಎಳೆದಾಗ ಅಲ್ಲಿ ಬೆಳಿಗ್ಗೆ ಹನ್ನೊಂದು, ಆಗ ಲೆಕ್ಕ ಕೇಳಬಹುದು. ದಿನಕ್ಕೆ ಆ ಒಂದು ಫೋನ್ ಮಾತ್ರ ಎಂಬುದು ಹೆಂಗಸರ ಷರತ್ತು. ಮೂವರಲ್ಲಿ ಇಬ್ಬರು ಒಪ್ಪಿದ್ದೇವೆ.