ಕಾರ್ಡ್ ಹೊಸದು, ವಿಳಾಸ ಹಳೇದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಕಡೆ ಫೋಟೊ ಸ್ಟುಡಿಯೊ, ಝೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ಹಾಕಿಕೊಡುವ ಸೆಂಟರ್‌ಗಳಲ್ಲಿರುವ ಎಷ್ಟೋ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಏರುವುದಿಲ್ಲ. ಮಷಿನ್ ಮಾತ್ರ ಗಟ್ಟಿಯಾಗಿಯೇ ಇದೆ. ಅಂಥವರಿಗೆ ಲಿನಕ್ಸ್ ಹಾಕಿಕೊಡುವ ಹುಡುಗರು ಈಗ ಊರಿಗೊಬ್ಬರಾದರೂ ಸಿಗುತ್ತಾರೆ. ಕೊಲ್ಹಾರದಲ್ಲಿ ಸದ್ಯಕ್ಕೆ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಲಿನಕ್ಸ್ ಹಾಕುವುದು ಈಗ ಕಷ್ಟವಲ್ಲ. ಪೆನ್‌ಡ್ರೈವ್ ಚುಚ್ಚಿ, ಭಾಷೆ ಆರಿಸಿ, ನಾಲ್ಕು ಸಲ 'ಮುಂದೆ' ಒತ್ತಿದರೆ ಮುಗಿಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳು ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಲಿನಕ್ಸ್‌ನಲ್ಲೇ ಪಾಠ ಕಲಿಯುತ್ತಾರೆ. ನಾನು ಓದಿದ ಶಾಲೆಯಲ್ಲಿ ಅದರ ಹೆಸರನ್ನೂ ಯಾರೂ ಹೇಳಿರಲಿಲ್ಲ, ಅದು ಬೇರೆ ಮಾತು. ತಲೆನೋವು ಶುರುವಾಗುವುದು ಗ್ರಾಫಿಕ್ಸ್ ಕಾರ್ಡ್ ಬದಲಿಸಿದಾಗ.

ನಮ್ಮ ಕಾಕಾನ ಸ್ಟುಡಿಯೊದಲ್ಲಿ ಲಿನಕ್ಸ್ ಮಿಂಟ್ ಇದೆ. ಮದುವೆ ವಿಡಿಯೊಗಳನ್ನು ಕೆಡೆನ್‌ಲೈವ್‌ನಲ್ಲಿ ಕತ್ತರಿಸಿ ಜೋಡಿಸುತ್ತಾನೆ. ಅದರೊಳಗಿದ್ದದ್ದು ಜಿಟಿ 710 ಎಂಬ ಸಣ್ಣ ಕಾರ್ಡ್. ಅದಕ್ಕೆ ಎನ್‌ವಿಡಿಯಾ ಡ್ರೈವರ್‌ನ 470ನೇ ಸರಣಿಯೇ ಕೊನೆ; ಅದರ ಭದ್ರತಾ ತಿದ್ದುಪಡಿಗಳೂ 2024ರ ಸೆಪ್ಟೆಂಬರ್‌ಗೆ ಮುಗಿದವು. ಹೀಗಾಗಿ ವಿಜಯಪುರದಿಂದ ಎಎಂಡಿಯ ಆರ್‌ಎಕ್ಸ್ 550 ಸೆಕೆಂಡ್‌ಹ್ಯಾಂಡ್ ತಂದೆವು. ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಇದು ಸುಮಾರು 50 ವಾಟ್ ಎಳೆಯುತ್ತದೆ, ಬೇರೆ ಪವರ್ ವೈರ್ ಕೇಳುವುದಿಲ್ಲ. ಆರ್‌ಎಕ್ಸ್ 570 ತಂದರೆ 150 ವಾಟ್. ಹಳೆಯ ಎಸ್‌ಎಂಪಿಎಸ್ ಅದನ್ನು ತಾಳುವ ಭರವಸೆ ಇರಲಿಲ್ಲ, ನಮ್ಮೂರಿನ ಕರೆಂಟ್‌ನ ಏರಿಳಿತ ಬೇರೆ.

ಕಾರ್ಡ್ ಕೂರಿಸಿ ಚಾಲೂ ಮಾಡಿದರೆ ಕಂಪನಿ ಲೋಗೊ ಬಂತು, ಮಿಂಟ್‌ನ ಲೋಗೊ ಬಂತು, ಆಮೇಲೆ ಕಪ್ಪು.

"ತಮ್ಮಾ, ಶುಕ್ರವಾರ ವಿಡಿಯೊ ಕೊಡಬೇಕು. ಹುಡುಗಿ ಅಪ್ಪ ನಾಕ್ ಸಲ ಫೋನ್ ಹಚ್ಚ್ಯಾನ. ಇದು ನೋಡಿದ್ರ ಕರ್ರಗ ಕುಂತೈತಿ" ಎಂದ ಕಾಕಾ. ಅಡ್ವಾನ್ಸ್ ಆಗಲೇ ಕಾರ್ಡ್‌ಗೆ ಖರ್ಚಾಗಿತ್ತು.

"ಕಾಕಾ, ಡಿಸ್ಕಿಗೆ ಏನೂ ಆಗಿಲ್ಲ, ಮದುವಿ ಒಳಗ ಹಂಗೇ ಐತಿ" ಎಂದೆ. ಅವನು ನಂಬಲಿಲ್ಲ.

ಇಲ್ಲಿ ಡ್ರೈವರ್ ಅಂದರೇನು ಎಂದು ಹೇಳಬೇಕು. ಕಾರ್ಡ್ ಮತ್ತು ಲಿನಕ್ಸ್‌ನ ತಿರುಳಾದ ಕರ್ನೆಲ್ ನಡುವೆ ಮಾತು ದಾಟಿಸುವ ತಂತ್ರಾಂಶ ಅದು. ಎಎಂಡಿ ಕಾರ್ಡ್‌ಗಳ ಡ್ರೈವರ್ 'ಎಎಂಡಿಜಿಪಿಯು' 2015ರಲ್ಲಿ ಬಂದ 4.2ನೇ ಆವೃತ್ತಿಯಿಂದ ಕರ್ನೆಲ್ಲಿನೊಳಗೇ ಇದೆ. ಚಿತ್ರ ಬಿಡಿಸುವ ಉಳಿದ ಭಾಗ 'ಮೆಸಾ' ಎಂಬ ಪ್ಯಾಕೇಜಿನಲ್ಲಿ, ಅದೂ ಮೊದಲೇ ಹಾಕಿರುತ್ತದೆ. ಅಂದರೆ ಇಂಥ ಎಎಂಡಿ ಕಾರ್ಡ್ ಹಾಕಿದವರು ಬಹುತೇಕ ಏನನ್ನೂ ಹೊಸದಾಗಿ ಹಾಕಬೇಕಿಲ್ಲ. ಎನ್‌ವಿಡಿಯಾ ತನ್ನ ಡ್ರೈವರನ್ನು ಬಹುಕಾಲ ಮುಚ್ಚಿಟ್ಟುಕೊಂಡೇ ಕೊಟ್ಟಿತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಆ ಕಂಪನಿಯನ್ನು ಬಹಿರಂಗವಾಗಿಯೇ ಬೈದದ್ದು ಪ್ರಸಿದ್ಧ. 2022ರ ಮೇನಲ್ಲಿ ಅದು ಕರ್ನೆಲ್ ಭಾಗದ ಸೋರ್ಸ್ ಕೋಡನ್ನು ತೆರೆದಿಟ್ಟಿತು. ಆದರೆ ಅದು ಟ್ಯೂರಿಂಗ್ ಮತ್ತು ಆಮೇಲಿನ ಕಾರ್ಡ್‌ಗಳಿಗೆ ಮಾತ್ರ. ಹಳೆಯವುಗಳಿಗೆ ಒಂದೋ ಮುಚ್ಚಿದ ಡ್ರೈವರ್, ಇಲ್ಲವೇ ಉತ್ಸಾಹಿಗಳು ಬರೆದ 'ನೂವೋ'.

ಹೊಸ ಕಾರ್ಡಿನ ಡ್ರೈವರ್ ಮೊದಲೇ ಇದ್ದರೆ ಪರದೆ ಯಾಕೆ ಕಪ್ಪಾಯಿತು? ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದಾಗ ಅಕ್ಷರಗಳ ಪರದೆ ತೆರೆಯಿತು. ಅಂದರೆ ಕಾರ್ಡ್ ಸತ್ತಿಲ್ಲ. 'ಎಲ್‌ಎಸ್‌ಪಿಸಿಐ' ಆದೇಶಕ್ಕೆ 'ಕೆ' ಸೇರಿಸಿ ಕೊಟ್ಟರೆ ಯಾವ ಕಾರ್ಡಿಗೆ ಯಾವ ಡ್ರೈವರ್ ಓಡುತ್ತಿದೆ ಎಂದು ಹೇಳುತ್ತದೆ. ಎಎಂಡಿಜಿಪಿಯು ಸರಿಯಾಗಿಯೇ ಓಡುತ್ತಿತ್ತು. ಪರದೆ ಬಿಡಿಸುವ ಎಕ್ಸ್ ಸರ್ವರ್‌ನ ಲಾಗ್ ತೆರೆದಾಗ ಗುಟ್ಟು ಸಿಕ್ಕಿತು: ಅದು ಇನ್ನೂ ಎನ್‌ವಿಡಿಯಾವನ್ನೇ ಹುಡುಕುತ್ತಿತ್ತು.

ನಮ್ಮೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಆಲಮಟ್ಟಿ ಹಿನ್ನೀರಿಗೆ ಹಳೆ ಕೊಲ್ಹಾರ ಮುಳುಗಡೆಯಾಗಿ ಊರೇ ಸ್ಥಳಾಂತರವಾಯಿತು. ಹಳೆ ಓಣಿಯ ವಿಳಾಸ ಹಿಡಿದು ಹೊರಟವರಿಗೆ ಸಿಗುವುದು ಕೃಷ್ಣೆಯ ನೀರು. ಎಕ್ಸ್ ಸರ್ವರ್ ಕೈಯಲ್ಲಿದ್ದದ್ದೂ ಅಂಥ ಚೀಟಿ. 'ಎಕ್ಸ್‌ಆರ್ಗ್ ಡಾಟ್ ಕಾನ್ಫ್' ಎಂಬ ಕಡತದಲ್ಲಿ 'ಡ್ರೈವರ್: ಎನ್‌ವಿಡಿಯಾ' ಎಂಬ ಸಾಲು ಹಾಗೇ ಇತ್ತು. ಎನ್‌ವಿಡಿಯಾದ ಸೆಟ್ಟಿಂಗ್ಸ್ ಕಿಟಕಿಯಲ್ಲಿ ಹೊಂದಿಕೆಯನ್ನು ಕಾಯಂ ಮಾಡಿದರೆ ಈ ಕಡತ ಹುಟ್ಟುತ್ತದೆ. ಅದು ಯಾವ ಪ್ಯಾಕೇಜಿಗೂ ಸೇರಿದ್ದಲ್ಲವಾದ್ದರಿಂದ ಡ್ರೈವರ್ ಕಿತ್ತರೂ ಕಡತ ಉಳಿಯುತ್ತದೆ. ಎಷ್ಟೋ ಜನ ಡ್ರೈವರನ್ನು ಮೂರು ಮೂರು ಸಲ ತೆಗೆದು ಹಾಕಿ ಸುಸ್ತಾಗುವುದು ಇದಕ್ಕೇ. ಹೊಸ ವೇಲ್ಯಾಂಡ್ ವ್ಯವಸ್ಥೆ ಈ ಕಡತವನ್ನು ಓದುವುದೇ ಇಲ್ಲ, ಅದೊಂದು ನೆಮ್ಮದಿ.

ಕಡತವನ್ನು ಅಳಿಸಲಿಲ್ಲ, ಹೆಸರು ಬದಲಿಸಿದೆ. ಬೇಕಾದರೆ ಮತ್ತೆ ತರಬಹುದಲ್ಲ. ಆಮೇಲೆ ಎನ್‌ವಿಡಿಯಾ ಪ್ಯಾಕೇಜುಗಳನ್ನು 'ಪರ್ಜ್' ಆದೇಶದಿಂದ ಸೆಟ್ಟಿಂಗ್ ಸಮೇತ ತೆಗೆದು, ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಲಾಗಿನ್ ಪರದೆ ಬಂತು. ಕಾಕಾ ಒಂದು ಮಾತೂ ಆಡದೆ ಮೌಸ್ ಕಸಿದುಕೊಂಡು ಮದುವೆಯ ಫೋಲ್ಡರ್ ತೆರೆದು ನೋಡಿದ.

ಕಾರ್ಡ್ ಬದಲಿಸಿದ ಕೂಡಲೇ ಎಡಿಟಿಂಗ್ ಹಾರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಡೆನ್‌ಲೈವ್‌ನಲ್ಲಿ ಬಹಳಷ್ಟು ಎಫೆಕ್ಟ್‌ಗಳ ಭಾರವನ್ನು ಹೊರುವುದು ಪ್ರೊಸೆಸರ್. ಕಾರ್ಡಿನ ಲಾಭ ಕಾಣುವುದು ಕೊನೆಗೆ ವಿಡಿಯೊ ಫೈಲ್ ಹೊರತೆಗೆಯುವಾಗ, ಅದೂ ರೆಂಡರ್ ಪಟ್ಟಿಯಲ್ಲಿ 'ವಿಎ-ಎಪಿಐ' ಆರಿಸಿದರೆ ಮಾತ್ರ.

ಎಎಂಡಿ ಬಿಟ್ಟು ಎನ್‌ವಿಡಿಯಾಕ್ಕೆ ಹೋಗುವವರ ದಾರಿ ಬೇರೆ. ಅವರು ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೋರಿಸುವ ಡ್ರೈವರನ್ನೇ ಹಾಕಲಿ. ಕಂಪನಿಯ ತಾಣದಿಂದ ಇಳಿಸಿದ ಕಡತವನ್ನು ಓಡಿಸುವ ಉಸಾಬರಿ ಬೇಡ, ಮುಂದೆ ಕರ್ನೆಲ್ ಅಪ್‌ಡೇಟ್ ಆದಾಗ ಅದು ಕೈಕೊಡಬಹುದು. ಸೆಕ್ಯೂರ್ ಬೂಟ್ ಇದ್ದರೆ ಮೊದಲ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆಯೊಂದು ಪಾಸ್‌ವರ್ಡ್ ಕೇಳುತ್ತದೆ. ವೈರಸ್ ಎಂದು ಹೆದರಿ ದಾಟಿಸಿದರೆ ಡ್ರೈವರ್ ಏಳುವುದೇ ಇಲ್ಲ. ಅಕ್ಷರಗಳ ಪರದೆಯೂ ಬರದಿದ್ದರೆ ಗ್ರಬ್ ಪಟ್ಟಿಯಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ಒಳಹೋಗಬಹುದು. ಆ ಒಂದು ಸಲಕ್ಕೆ ಮಾತ್ರ ಅದು ಅನ್ವಯ. ಇದೆಲ್ಲಕ್ಕೂ ಮೊದಲು ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿದೆಯೋ, ಕಾರ್ಡಿಗೋ ನೋಡಿ. ನಗಬೇಡಿ, ನೋಡಿ.

ಕಾಕಾನ ಹಳೆ ಜಿಟಿ 710 ಈಗ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿದೆ. ಅಲ್ಲಿ ನೂವೋ ಡ್ರೈವರ್‌ನಲ್ಲೇ ಓಡುತ್ತಿದೆ. ಪಹಣಿ ಪ್ರಿಂಟ್ ತೆಗೆಯಲು ಅಷ್ಟು ಸಾಕು. ಅಂಗಡಿಯವರು ದುಡ್ಡಿನ ಬದಲು ಒಂದು ಗಡಿಗೆ ಮೊಸರು ಕೊಟ್ಟರು.