ಅನುಕರಣಗಣನೆಯೂ ಉಪಾಧಿವಿಚಾರವೂ

ಗಗನಕ್ಕೆ ಹಾರಿದ ನೌಕೆಯನ್ನು ಮರಳಿ ಕರೆದು ತಿದ್ದುವುದು ಸಾಮಾನ್ಯವಾಗಿ ಶಕ್ಯವಲ್ಲ. ಆದಕಾರಣ ಅದರ ಗುಣದೋಷಗಳನ್ನು ಭೂಮಿಯ ಮೇಲೆಯೇ ಪರೀಕ್ಷಿಸಬೇಕು. ಈ ಪರೀಕ್ಷೆಗೆ ಇಂದಿನ ವಿಜ್ಞಾನಿಗಳು ಅವಲಂಬಿಸಿರುವ ಸಾಧನಗಳಲ್ಲಿ ಗಣಕಯಂತ್ರದ ಮೂಲಕ ಮಾಡುವ ಅನುಕರಣವು ಮುಖ್ಯವಾದುದು. ಅದರ ಸ್ವರೂಪವೇನು, ಅದರಿಂದ ಹುಟ್ಟುವ ಜ್ಞಾನಕ್ಕೆ ಪ್ರಾಮಾಣ್ಯವೆಷ್ಟು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸಲಾಗುವುದು.

ನೌಕೆಯ ಗಣಕವನ್ನು ಪ್ರಯೋಗಶಾಲೆಯಲ್ಲಿರಿಸಿ, ಮತ್ತೊಂದು ಗಣಕವನ್ನು ಅದಕ್ಕೆ ಜೋಡಿಸುತ್ತಾರೆ. ಈ ಎರಡನೆಯದು ಚಲನನಿಯಮಗಳನ್ನು ಅನುಸರಿಸಿ ನೌಕೆಯ ವೇಗ, ದಿಕ್ಕು, ಓಲಾಟಗಳನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ, ಅಳತೆಯ ಉಪಕರಣಗಳಿಂದಲೇ ಬಂದವೋ ಎಂಬಂತೆ ಮೊದಲನೆಯದಕ್ಕೆ ಒಪ್ಪಿಸುತ್ತದೆ. ಅದು ಕೊಡುವ ಆಜ್ಞೆಗಳನ್ನು ಸ್ವೀಕರಿಸಿ ಮುಂದಿನ ಸ್ಥಿತಿಯನ್ನು ಗಣಿಸುತ್ತದೆ. ಹೀಗೆ ನೌಕೆಯ ಗಣಕವು ಮೇಜಿನ ಮೇಲಿದ್ದೇ ಆಕಾಶದಲ್ಲಿರುವಂತೆ ವರ್ತಿಸುತ್ತದೆ. ಕೆಲವೆಡೆ ನಿಜವಾದ ಉಪಕರಣವನ್ನು ಬಿಟ್ಟು, ಅದರ ಸ್ಥಾನದಲ್ಲಿ ಗಣಿತರೂಪವಾದ ಪ್ರತಿನಿಧಿಯನ್ನು ಇರಿಸುವುದೂ ಉಂಟು. ದೋಷವು ಮರೆಯಾಗಿ ಉಳಿಯಲು ಇಲ್ಲಿ ಎಡೆಯಾಗುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನ ಯೂರೋಪಿನ ಏರಿಯನ್ 5 ರಾಕೆಟ್ಟು. 1996ನೆಯ ಇಸವಿ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ನಾಲ್ಕು ಕ್ಲಸ್ಟರ್ ಉಪಗ್ರಹಗಳನ್ನು ಹೊತ್ತು ಮೊದಲ ಬಾರಿಗೆ ಹೊರಟ ಅದು ಸುಮಾರು 40 ಸೆಕೆಂಡುಗಳಲ್ಲಿ ದಾರಿತಪ್ಪಿ ಛಿದ್ರವಾಯಿತು. ರಾಕೆಟ್ಟಿನ ನಿಲುವನ್ನೂ ಚಲನೆಯನ್ನೂ ಅಳೆಯುವ ಉಪಕರಣದ ತಂತ್ರಾಂಶವು ಏರಿಯನ್ 4ರಿಂದ ಬಂದದ್ದು. ಹೊಸ ರಾಕೆಟ್ಟಿನ ಕ್ಷಿತಿಜಸಮಾಂತರ ವೇಗ ಹಳೆಯದಕ್ಕಿಂತ ಬಹಳ ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯು 16 ಬಿಟ್‌ಗಳ ಸ್ಥಾನದಲ್ಲಿ ಹಿಡಿಯುವ 32,767ನ್ನು ಮೀರಿತು. ಉಪಕರಣ ಸ್ತಬ್ಧವಾಯಿತು. ಆಪತ್ತಿಗೆಂದು ಇರಿಸಿದ್ದ ಎರಡನೆಯ ಉಪಕರಣವೂ ಅದೇ ತಂತ್ರಾಂಶದಿಂದ ನಡೆಯುತ್ತಿದ್ದುದರಿಂದ, ಕ್ಷಣಮಾತ್ರ ಮೊದಲೇ ಅದೇ ಗತಿಯನ್ನು ಪಡೆದಿತ್ತು. ಸ್ತಬ್ಧವಾದ ಉಪಕರಣವು ಕಳುಹಿದ ದೋಷಸೂಚನೆಯನ್ನು ಮುಖ್ಯ ಗಣಕವು ಹಾರಾಟದ ಅಳತೆಯೆಂದೇ ಭ್ರಮಿಸಿ, ಎಂಜಿನ್ನುಗಳ ಮೂತಿಗಳನ್ನು ಪೂರ್ತಿಯಾಗಿ ಹೊರಳಿಸಿತು. ವಿಷಾದದ ಸಂಗತಿಯೆಂದರೆ, ಮೊದಲು ಕೆಟ್ಟ ಆ ಲೆಕ್ಕಕ್ಕೆ ಏರಿಯನ್ 5 ನೆಲಬಿಟ್ಟ ಮೇಲೆ ಪ್ರಯೋಜನವೇ ಇರಲಿಲ್ಲ.

ಹಾರಾಟಕ್ಕೆ ಮುನ್ನ ಅನುಕರಣವು ನಡೆಯಲಿಲ್ಲವೇ ಎಂದು ಶಂಕಿಸಬಹುದು. ನಡೆದಿತ್ತು. ಆದರೆ ಈ ಉಪಕರಣವು ಪ್ರತ್ಯೇಕವಾಗಿ ಪರೀಕ್ಷಿತವಾಗಿದೆಯೆಂಬ ನಂಬಿಕೆಯಿಂದ ಅದರ ಸ್ಥಾನದಲ್ಲಿ ಪ್ರತಿನಿಧಿಯನ್ನು ಇರಿಸಿದ್ದರು. ಆ ಪ್ರತ್ಯೇಕ ಪರೀಕ್ಷೆಯಲ್ಲಿಯೋ ಏರಿಯನ್ 5ರ ಪಥವನ್ನು ಬಳಸಿರಲಿಲ್ಲ. ಅಪಘಾತದ ತರುವಾಯ ನಿಜವಾದ ತಂತ್ರಾಂಶಕ್ಕೆ ಆ ಪಥವನ್ನು ಒಡ್ಡಿ ಅನುಕರಿಸಲು, ನಡೆದುದೆಲ್ಲವೂ ಯಥಾವತ್ತಾಗಿ ಮರುಕಳಿಸಿತು.

ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ಈ ದೋಷವು ಅಪರಿಚಿತವಲ್ಲ. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂಬ ಮಾತು ನಿಲ್ಲದು. ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಸೌದೆಯ ಸಂಯೋಗವೆಂಬ ಉಪಾಧಿಯಿದ್ದರೆ ಮಾತ್ರ ಹೊಗೆ. ಹಾಗೆಯೇ, ಏರಿಯನ್ 4ರಲ್ಲಿ ನಿರ್ದುಷ್ಟವಾಗಿದ್ದ ತಂತ್ರಾಂಶ 5ರಲ್ಲಿಯೂ ನಿರ್ದುಷ್ಟವೆಂಬ ಅನುಮಾನದಲ್ಲಿ ಹಳೆಯ ಪಥವೆಂಬ ಉಪಾಧಿ ಅಡಗಿತ್ತು.

ಇದರಿಂದ ಸಿದ್ಧವಾಗುವುದೇನೆಂದರೆ, ಅನುಕರಣವು ಪ್ರತ್ಯಕ್ಷದಂತೆ ತೋರಿದರೂ ವಸ್ತುತಃ ಅನುಮಾನದ ಪ್ರಭೇದ. ತನ್ನೊಳಗೆ ಸೇರಿಸಿದುದನ್ನು ಮಾತ್ರ ಅದು ಪರೀಕ್ಷಿಸಬಲ್ಲುದು. ಬಿಟ್ಟುದು ಯಾವುದೆಂದು ತಾನಾಗಿ ಹೇಳಲಾರದು. ಆ ಉಪಾಧಿಶೋಧನೆಯ ಭಾರ ಪರೀಕ್ಷಕರದು. ನಮ್ಮ ತರ್ಕಗ್ರಂಥಗಳನ್ನು ಬೋಧಿಸುವವರು ಹೊಗೆ-ಬೆಂಕಿಗಳ ಜೊತೆಗೆ ಈ ಉದಾಹರಣೆಯನ್ನೂ ವಿದ್ಯಾರ್ಥಿಗಳ ಮುಂದಿರಿಸಿದರೆ, ಶಾಸ್ತ್ರದ ಬಳಕೆ ಅವರಿಗೆ ಸ್ಪಷ್ಟವಾದೀತೆಂದು ನಮ್ಮ ಅಭಿಪ್ರಾಯ.