ಸ್ಮಾರ್ಟ್ ಬಲ್ಬು ಮಾತು ಕೇಳದಿದ್ದರೆ

ಪ್ರಶ್ನೆ: ನಮ್ಮ ಜಿಗ್‌ಬೀ ಬಲ್ಬುಗಳು ಆಗಾಗ ಸಂಪರ್ಕ ಕಳೆದುಕೊಳ್ಳುತ್ತವೆ. ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೆ ಸರಿಹೋದೀತೇ?

ಉತ್ತರ: ಮೊದಲು ಹಬ್ ಇಟ್ಟಿರುವ ಜಾಗ ನೋಡಿ. ಜಿಗ್‌ಬೀ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ವೈಫೈ ಕೂಡ ಓಡಾಡುತ್ತದೆ. ರೂಟರಿನ ಮಗ್ಗುಲಲ್ಲಿರುವ ಹಬ್‌ಗೆ ಬಲ್ಬಿನ ಕ್ಷೀಣ ಸಂಕೇತ ಹಿಡಿಯುವುದೇ ಕಷ್ಟ. ಎರಡನ್ನೂ ಒಂದೆರಡು ಮೀಟರ್ ದೂರವಿಡಿ. ಯುಎಸ್‌ಬಿ 3.0 ಪೋರ್ಟ್ ಕೂಡ ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಹಬ್ ಬದಲು ಡಾಂಗಲ್ ಇದ್ದರೆ ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಕಂಪ್ಯೂಟರಿನಿಂದ ದೂರ ಸರಿಸಿ. ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ. ಗೋಡೆಯ ಸ್ವಿಚ್ ಮಾತ್ರ ಆರಿಸಬೇಡಿ: ಎಷ್ಟೋ ಬಲ್ಬುಗಳು ಪಕ್ಕದ ಸಾಧನಗಳ ಸಂದೇಶವನ್ನೂ ಸಾಗಿಸುತ್ತಿರುತ್ತವೆ.

ಅಪ್‌ಡೇಟ್ ಆಮೇಲೆ. ಜಿಗ್‌ಬೀ ವೇಗ ಸೆಕೆಂಡಿಗೆ ಗರಿಷ್ಠ 250 ಕಿಲೋಬಿಟ್, ಹಾಗಾಗಿ ನಿಧಾನ ಸಹಜ. ಸಂಪರ್ಕ ಸ್ಥಿರವಾದ ಮೇಲೆ, ಕರೆಂಟ್ ಹೋಗದ ಹೊತ್ತು ನೋಡಿ, ಒಂದೊಂದಾಗಿ ಮಾಡಿ.